ಶಾಖಕ್ಕೆ ಲೆಕ್ಕವಿಟ್ಟ ಸಾಧಕ ಜೇಮ್ಸ್ ಪ್ರೆಸ್ಕಾಟ್ ಜೂಲ್

ಪ್ರೌಢಶಾಲೆಯ ವಿಜ್ಞಾನ ಪ್ರಯೋಗಾಲಯವನ್ನು ಹೊಕ್ಕ ವಿದ್ಯಾರ್ಥಿಗೆ ಮರದ ಪೆಟ್ಟಿಗೆಯೊಳಗೆ ಕುಳಿತಿರುವ ಚಿಕ್ಕದೊಂದು ತಾಮ್ರದ ಪಾತ್ರೆ ಕಣ್ಣಿಗೆ ಬೀಳದೆ ಇರದು. ಪಾತ್ರೆಗೂ ಪೆಟ್ಟಿಗೆಗೂ ನಡುವೆ ಉಣ್ಣೆಯನ್ನೋ ಹತ್ತಿಯನ್ನೋ ತುಂಬಿರುತ್ತಾರೆ. ಮುಚ್ಚಳದಲ್ಲಿ ಎರಡು ರಂಧ್ರಗಳಿರುತ್ತವೆ. ಒಂದರಲ್ಲಿ ಉಷ್ಣತಾಮಾಪಕವನ್ನು, ಇನ್ನೊಂದರಲ್ಲಿ ನೀರನ್ನು ಕಲಕುವ ತಂತಿಯನ್ನು ಇಳಿಬಿಡುತ್ತಾರೆ. ಇದೇ ಕ್ಯಾಲೊರಿಮೀಟರ್. ನೋಡುವುದಕ್ಕೆ ಅಡುಗೆಮನೆಯ ಚೊಂಬಿಗಿಂತ ಹೆಚ್ಚಿನದಾಗಿ ತೋರದ ಇಂಥ ಸಲಕರಣೆಯಿಂದಲೇ ಭೌತವಿಜ್ಞಾನದ ಮಹಾನಿಯಮವೊಂದಕ್ಕೆ ಭದ್ರವಾದ ಅಡಿಗಲ್ಲು ಬಿದ್ದಿತೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಆ ಅಡಿಗಲ್ಲನ್ನು ಇಟ್ಟವನು ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಆಗಿರಲಿಲ್ಲ. ಶಾಲೆಯ ಮೆಟ್ಟಿಲನ್ನು ಸಹ ಹತ್ತದೆ ಮನೆಯಲ್ಲಿಯೇ ಓದಿ, ಮನೆಯಲ್ಲಿಯೇ ಪ್ರಯೋಗ ನಡೆಸಿ, ಡಿಗ್ರಿಯ ನೂರನೆಯ ಒಂದು ಭಾಗದಷ್ಟು ಸೂಕ್ಷ್ಮವಾದ ಉಷ್ಣತಾವ್ಯತ್ಯಾಸದಲ್ಲಿ ಸತ್ಯವನ್ನು ಅರಸಿದ ಆ ಸಾಧಕನ ಹೆಸರು ಜೇಮ್ಸ್ ಪ್ರೆಸ್ಕಾಟ್ ಜೂಲ್.

ಜೂಲನು ೧೮೧೮ನೆಯ ಇಸವಿ ಡಿಸೆಂಬರ್ ೨೪ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೊಂದಿಕೊಂಡಿರುವ ಸಾಲ್ಫರ್ಡ್ ಪಟ್ಟಣದಲ್ಲಿ ಜನಿಸಿದನು. ತಂದೆ ಬೆಂಜಮಿನ್ ಜೂಲ್ ಬಿಯರ್ ತಯಾರಿಕೆಯ ಕಾರ್ಖಾನೆಯ ಒಡೆಯ. ಮನೆಯಲ್ಲಿ ಸಿರಿಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ಮಗುವಿನ ದೇಹಸ್ಥಿತಿ ಮಾತ್ರ ಚೆನ್ನಾಗಿರಲಿಲ್ಲ. ಬೆನ್ನುಮೂಳೆಯ ದೌರ್ಬಲ್ಯವು ಬಾಲ್ಯದಲ್ಲಿ ಅವನನ್ನು ಬಹುವಾಗಿ ಕಾಡಿತು. ಸ್ವಭಾವತಃ ನಾಚಿಕೆಯವನಾದ ಹುಡುಗನು ಇತರರೊಡನೆ ಬೆರೆತು ಆಡುವುದನ್ನು ಬಿಟ್ಟು ಪುಸ್ತಕಗಳ ಸಹವಾಸವನ್ನು ಹಿಡಿದನು. ಮನೆಪಾಠವೇ ಅವನ ವಿದ್ಯಾಭ್ಯಾಸವಾಯಿತು.

೧೮೩೪ರಲ್ಲಿ ತಂದೆಯು ಜೇಮ್ಸನನ್ನೂ ಅವನ ಅಣ್ಣನನ್ನೂ ಪಾಠಕ್ಕಾಗಿ ಜಾನ್ ಡಾಲ್ಟನ್ನನ ಬಳಿಗೆ ಕಳುಹಿಸಿದನು. ಪರಮಾಣುವಾದದ ಪ್ರವರ್ತಕನೆಂದು ಯೂರೋಪಿನಲ್ಲೆಲ್ಲ ಪ್ರಖ್ಯಾತನಾಗಿದ್ದ ಡಾಲ್ಟನ್ನನು ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಕಟ್ಟಡದಲ್ಲಿ ಹುಡುಗರಿಗೆ ಪಾಠ ಹೇಳಿ ಜೀವನ ಸಾಗಿಸುತ್ತಿದ್ದನು. ರಸಾಯನಶಾಸ್ತ್ರವನ್ನು ಕಲಿಯುವ ಆಸೆಯಿಂದ ಹೋದ ಸೋದರರಿಗೆ ಮೊದಲು ದೊರೆತದ್ದು ಅಂಕಗಣಿತ ಮತ್ತು ರೇಖಾಗಣಿತ. ೧೮೩೭ರಲ್ಲಿ ಗುರುವಿಗೆ ಪಾರ್ಶ್ವವಾಯು ತಗುಲಿ ಪಾಠ ನಿಂತುಹೋಯಿತು. ಕಲಿತ ಕಾಲ ಸ್ವಲ್ಪವಾದರೂ, ಅಳತೆಯಿಲ್ಲದೆ ಜ್ಞಾನವಿಲ್ಲವೆಂಬ ಸಂಸ್ಕಾರವನ್ನು ಶಿಷ್ಯನು ಆ ಗುರುವಿನಿಂದ ಪಡೆದುಕೊಂಡನು. ತಂದೆಯ ಕಾರ್ಖಾನೆಯೂ ಅವನಿಗೆ ಒಂದು ಪಾಠಶಾಲೆಯೇ ಆಗಿತ್ತು. ಬಿಯರ್ ತಯಾರಿಕೆಯಲ್ಲಿ ದ್ರವದ ಉಷ್ಣತೆಯನ್ನು ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕು. ಸ್ವಲ್ಪ ಏರುಪೇರಾದರೂ ಸರಕು ಕೆಡುತ್ತದೆ. ಉಷ್ಣತಾಮಾಪಕವನ್ನು ಓದುವ ಕೆಲಸ ಅಲ್ಲಿ ದಿನನಿತ್ಯದ್ದಾಗಿತ್ತು.

ಜೂಲನ ಸಾಧನೆಯ ಹಿರಿಮೆ ತಿಳಿಯಬೇಕಾದರೆ, ಅಂದಿನ ವಿದ್ವಾಂಸರು ಶಾಖದ ವಿಷಯವಾಗಿ ಏನನ್ನು ನಂಬಿದ್ದರೆಂಬುದನ್ನು ಅರಿಯಬೇಕು. ಶಾಖವು ಕ್ಯಾಲೋರಿಕ್ ಎಂಬ ಹೆಸರಿನ, ತೂಕವಿಲ್ಲದ, ಕಣ್ಣಿಗೆ ಕಾಣದ ಒಂದು ದ್ರವ. ಅದನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು. ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಅದು ಹರಿಯುತ್ತದೆ ಎಂಬುದು ಪ್ರಚಲಿತ ಮತವಾಗಿತ್ತು. ಈ ಮತಕ್ಕೆ ಬಲವಾದ ಆಧಾರವೂ ಇತ್ತು. ಬಿಸಿನೀರಿಗೆ ತಣ್ಣೀರನ್ನು ಬೆರೆಸಿದಾಗ ಒಂದು ಕಳೆದುಕೊಂಡ ಶಾಖವನ್ನು ಇನ್ನೊಂದು ಪಡೆಯುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹದಿನೆಂಟನೆಯ ಶತಮಾನದಲ್ಲಿ ಈ ಮಿಶ್ರಣಕ್ರಮದಿಂದಲೇ ಗುಪ್ತೋಷ್ಣವನ್ನು ಅಳೆದಿದ್ದನು. ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸರು ೧೭೮೨-೮೩ರ ಚಳಿಗಾಲದಲ್ಲಿ, ಕರಗಿದ ಮಂಜುಗಡ್ಡೆಯ ನೀರನ್ನು ತೂಗಿ ಶಾಖವನ್ನು ಅಳೆಯುವ ಉಪಕರಣವನ್ನು ಬಳಸಿದ್ದರು. ಆದರೆ ೧೭೯೮ರಲ್ಲಿ ಕೌಂಟ್ ರಮ್‌ಫರ್ಡನು ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಿಸಿದನು. ಮ್ಯೂನಿಚ್ ನಗರದಲ್ಲಿ ನೀರಿನೊಳಗಿರಿಸಿದ ಫಿರಂಗಿಯ ಲೋಹವನ್ನು ಮೊಂಡು ಬೈರಿಗೆಯಿಂದ ಕೊರೆಯಿಸಿದಾಗ, ಎರಡೂವರೆ ಗಂಟೆಗಳಲ್ಲಿ ಬೆಂಕಿಯಿಲ್ಲದೆಯೇ ಆ ನೀರು ಕುದಿಯಿತು. ಕೊರೆಯುವಷ್ಟು ಕಾಲವೂ ಶಾಖವು ಬರುತ್ತಲೇ ಇತ್ತು. ಬರಿದಾಗದೆ ಬರುವ ವಸ್ತುವು ದ್ರವವಾಗಿರಲು ಹೇಗೆ ಸಾಧ್ಯ? ಪ್ರಶ್ನೆ ಹುಟ್ಟಿತಾದರೂ ನಿಖರವಾದ ಅಳತೆಯಿಲ್ಲದ್ದರಿಂದ ಹಳೆಯ ಮತವು ಕುಸಿಯಲಿಲ್ಲ.

ಜೂಲನು ಈ ಪ್ರಶ್ನೆಗೆ ಬೇರೊಂದು ದಾರಿಯಿಂದ ಬಂದನು. ವಿದ್ಯುತ್ತಿನಿಂದ ಓಡುವ ಯಂತ್ರವನ್ನು ಮಾಡಿ ಕಾರ್ಖಾನೆಯ ಉಗಿಯಂತ್ರವನ್ನು ತೆಗೆದುಹಾಕಬಹುದೆಂಬ ಆಸೆ ೧೮೩೮ರ ಸುಮಾರಿಗೆ ಅವನನ್ನು ಹಿಡಿಯಿತು. ತಾನೇ ಯಂತ್ರವನ್ನು ರಚಿಸಿ ಅದರ ಖರ್ಚುವೆಚ್ಚವನ್ನು ಲೆಕ್ಕ ಹಾಕಿದಾಗ ಆಸೆ ನಿರಾಸೆಯಾಯಿತು. ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಕರಗಿದಾಗ ದೊರೆಯುವ ಕೆಲಸಕ್ಕಿಂತ, ಉತ್ತಮವಾದ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಉರಿದಾಗ ದೊರೆಯುವ ಕೆಲಸವು ಸುಮಾರು ಐದುಪಟ್ಟು ಹೆಚ್ಚಾಗಿತ್ತು. ಸತುವಾದರೋ ಕಲ್ಲಿದ್ದಲಿಗಿಂತ ಬಲು ದುಬಾರಿ. ಇತರರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಜೂಲನು ಮಾತ್ರ, ಕೆಲಸವಾಗಿ ಬಾರದ ಶಕ್ತಿಯು ಎಲ್ಲಿ ಹೋಯಿತೆಂದು ಹುಡುಕತೊಡಗಿದನು. ವಿದ್ಯುತ್ ಹರಿಯುವ ತಂತಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದರು. ಅವನು ಅದನ್ನು ಅಳೆಯಲು ಕುಳಿತನು.

೧೮೪೦ರ ಆ ಪ್ರಯೋಗವು ಅತ್ಯಂತ ಸರಳವಾದುದು. ಗಾಜಿನ ನಳಿಗೆಗೆ ತಂತಿಯನ್ನು ಸುತ್ತಿ, ಅದನ್ನು ತೂಗಿದ ನೀರಿರುವ ಜಾಡಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ನೀರಿನ ಉಷ್ಣತೆ ಎಷ್ಟು ಏರಿತೆಂದು ನೋಡುವುದು. ಇಷ್ಟರಿಂದಲೇ ಇಂದು ಜೂಲನ ನಿಯಮವೆಂದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇರುವ ಸೂತ್ರ ಹೊರಬಂದಿತು. ನಿಗದಿಯಾದ ಕಾಲದಲ್ಲಿ ಉತ್ಪನ್ನವಾಗುವ ಶಾಖವು ತಂತಿಯ ರೋಧಕ್ಕೂ ವಿದ್ಯುತ್ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆಗ ಅವನಿಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯು ಈ ಪ್ರಬಂಧದ ಸಾರಾಂಶವನ್ನಷ್ಟೇ ಅಚ್ಚು ಹಾಕಿತು.

ಮುಂದೆ ಅವನು ಬ್ಯಾಟರಿಯನ್ನೇ ಬಿಟ್ಟುಬಿಟ್ಟನು. ನೀರು ತುಂಬಿದ ಗಾಜಿನ ಕೊಳವೆಯೊಳಗೆ ತಂತಿಯ ಸುರುಳಿಯನ್ನಿಟ್ಟು, ಅದನ್ನು ಅಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿದನು. ತಿರುಗಿಸಿದ ಶ್ರಮದಿಂದ ವಿದ್ಯುತ್ತೂ, ವಿದ್ಯುತ್ತಿನಿಂದ ಶಾಖವೂ ಹುಟ್ಟಿದವು. ಇಲ್ಲಿ ಶಾಖವು ಬೇರೆಡೆಯಿಂದ ಹರಿದು ಬಂದಿರಲಿಲ್ಲ, ಕೆಲಸದಿಂದಲೇ ಉತ್ಪನ್ನವಾಗಿತ್ತು. ತಿರುಗಿಸುವುದಕ್ಕೆ ತೂಕದ ಕಲ್ಲುಗಳನ್ನು ಬಳಸಿ ಎಷ್ಟು ಕೆಲಸಕ್ಕೆ ಎಷ್ಟು ಶಾಖವೆಂದು ಲೆಕ್ಕ ತೆಗೆದನು. ಒಂದು ಪೌಂಡ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸುವ ಶಾಖಕ್ಕೆ, ೮೩೮ ಪೌಂಡ್ ತೂಕವನ್ನು ಒಂದು ಅಡಿ ಮೇಲೆತ್ತುವ ಕೆಲಸ ಸಮವೆಂದು ತೋರಿತು. ಇದನ್ನೇ ಶಾಖದ ಯಾಂತ್ರಿಕ ತುಲ್ಯಾಂಕವೆಂದು ಕರೆಯುತ್ತಾರೆ. ೧೮೪೩ರ ಆಗಸ್ಟಿನಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ನೆರೆದ ಬ್ರಿಟಿಷ್ ವಿಜ್ಞಾನೋನ್ನತಿ ಸಂಘದ ಸಭೆಯಲ್ಲಿ ಅವನು ಇದನ್ನು ಓದಿದಾಗ ಸಭೆ ಸುಮ್ಮನಿತ್ತು. ಮರುವರ್ಷ, ಗಾಳಿಯನ್ನು ತಾಮ್ರದ ಪಾತ್ರೆಯೊಳಗೆ ೨೨ ವಾಯುಮಂಡಲಗಳ ಒತ್ತಡಕ್ಕೆ ಅಮುಕಿ, ಸುತ್ತಲಿನ ನೀರು ಬಿಸಿಯಾದುದನ್ನು ಅಳೆದು, ೭೯೮ರ ಸಮೀಪದ ಸಂಖ್ಯೆಯನ್ನು ಪಡೆದನು. ಆ ಪ್ರಬಂಧವನ್ನು ರಾಯಲ್ ಸೊಸೈಟಿಯು ತನ್ನ ಮುಖ್ಯ ಸಂಪುಟದಲ್ಲಿ ಪ್ರಕಟಿಸಲು ಒಪ್ಪಲಿಲ್ಲ.

ವಿದ್ವಾಂಸರ ಅಪನಂಬಿಕೆಗೆ ಕಾರಣವಿಲ್ಲದಿರಲಿಲ್ಲ. ಜೂಲನು ತೋರಿಸುತ್ತಿದ್ದ ಉಷ್ಣತೆಯ ಏರಿಕೆ ಅತ್ಯಲ್ಪ. ಕೋಣೆಯ ಗಾಳಿಯಿಂದಲೋ, ನೋಡುವವನ ಮೈಬಿಸಿಯಿಂದಲೋ ಅಷ್ಟು ವ್ಯತ್ಯಾಸ ಸುಲಭವಾಗಿ ಬರಬಹುದು. ಅಂಥ ಅಲ್ಪ ವ್ಯತ್ಯಾಸದ ಮೇಲೆ ಪ್ರಕೃತಿಯ ನಿಯಮವನ್ನು ಕಟ್ಟುವುದು ಸಾಹಸವೆಂದು ಅನೇಕರು ಭಾವಿಸಿದರು. ಈ ಆಕ್ಷೇಪಕ್ಕೆ ಜೂಲನು ವಾದದಿಂದ ಉತ್ತರ ಕೊಡಲಿಲ್ಲ. ಇನ್ನೂ ಉತ್ತಮವಾದ ಪಾತ್ರೆಯನ್ನು ಮಾಡಿ ಉತ್ತರ ಕೊಟ್ಟನು.

ಆ ಪಾತ್ರೆಯೇ ಜಗತ್ಪ್ರಸಿದ್ಧವಾದ ರೆಕ್ಕೆಚಕ್ರದ ಕ್ಯಾಲೊರಿಮೀಟರ್. ತಾಮ್ರದ ಪಾತ್ರೆಯ ನಡುವೆ ಹಿತ್ತಾಳೆಯ ರೆಕ್ಕೆಗಳುಳ್ಳ ಕಂಬ. ಪಾತ್ರೆಯ ಗೋಡೆಗೆ ಕದಲದೆ ನಿಲ್ಲುವ ಇನ್ನಷ್ಟು ರೆಕ್ಕೆಗಳು. ನೀರು ಸುಮ್ಮನೆ ಸುತ್ತಿ ಹೋಗದೆ ಘರ್ಷಣೆಗೆ ಸಿಕ್ಕಬೇಕೆಂಬುದೇ ಈ ಏರ್ಪಾಡಿನ ಉದ್ದೇಶ. ಕಂಬಕ್ಕೆ ಸುತ್ತಿದ ಹಗ್ಗಗಳು ರಾಟೆಗಳ ಮೇಲೆ ಹಾಯ್ದು ಎರಡು ಸೀಸದ ತೂಕಗಳನ್ನು ಹೊತ್ತಿರುತ್ತವೆ. ೧೮೪೯ರ ಪ್ರಯೋಗಗಳಲ್ಲಿ ಪ್ರತಿಯೊಂದು ತೂಕವೂ ಸುಮಾರು ೨೯ ಪೌಂಡ್. ಬೀಳುವ ಎತ್ತರ ಸುಮಾರು ೬೩ ಅಂಗುಲ. ತೂಕಗಳು ನೆಲ ಮುಟ್ಟಿದೊಡನೆ ಮತ್ತೆ ಮೇಲಕ್ಕೆ ಸುತ್ತಿ ಬಿಡಬೇಕು. ಹೀಗೆ ಇಪ್ಪತ್ತು ಸಲ ಬಿಟ್ಟರೆ ಒಂದು ಪ್ರಯೋಗ ಮುಗಿಯುತ್ತಿತ್ತು. ಅದಕ್ಕೆ ಮೂವತ್ತೈದು ನಿಮಿಷಗಳು ಹಿಡಿಯುತ್ತಿದ್ದವು. ಇಷ್ಟೆಲ್ಲ ಶ್ರಮದಿಂದ ನೀರಿನ ಉಷ್ಣತೆ ಏರುತ್ತಿದ್ದುದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಸ್ವಲ್ಪವೇ ಹೆಚ್ಚು!

ಆ ಅರ್ಧ ಡಿಗ್ರಿಯನ್ನು ಕಾಪಾಡಿಕೊಳ್ಳಲು ಅವನು ವಹಿಸಿದ ಎಚ್ಚರವೇ ನಮಗೆ ಪಾಠ. ದಿನವಿಡೀ ಒಂದೇ ಸಮನಾದ ಉಷ್ಣತೆಯಿರುವ ವಿಶಾಲವಾದ ನೆಲಮಾಳಿಗೆಯನ್ನು ಅವನು ಪ್ರಯೋಗಕ್ಕೆ ಆರಿಸಿಕೊಂಡನು. ತನ್ನ ಮೈಯ ಬಿಸಿ ಪಾತ್ರೆಗೆ ತಟ್ಟದಂತೆ ನಡುವೆ ದೊಡ್ಡದೊಂದು ಮರದ ಪರದೆಯನ್ನು ನಿಲ್ಲಿಸಿದನು. ಲೋಹದ ಕಂಬದ ಮೂಲಕ ಶಾಖವು ಹೊರಹೋಗದಂತೆ ಅದರ ನಡುವೆ ಮರದ ತುಂಡನ್ನು ಸೇರಿಸಿದನು. ಮ್ಯಾಂಚೆಸ್ಟರಿನ ಕುಶಲ ಉಪಕರಣಕಾರನಾದ ಜಾನ್ ಬೆಂಜಮಿನ್ ಡ್ಯಾನ್ಸರನ ಸಹಾಯದಿಂದ, ಡಿಗ್ರಿಯ ಇನ್ನೂರನೆಯ ಒಂದು ಭಾಗವನ್ನು ಓದಬಲ್ಲ ಉಷ್ಣತಾಮಾಪಕಗಳನ್ನು ಪಡೆದನು. ಎಲ್ಲಕ್ಕಿಂತ ಮುಖ್ಯವಾಗಿ, ತೂಕ ಬೀಳಿಸಿದ ಪ್ರತಿಯೊಂದು ಪ್ರಯೋಗಕ್ಕೂ ಜೊತೆಯಾಗಿ, ಅಷ್ಟೇ ಹೊತ್ತು ಚಕ್ರವನ್ನು ತಿರುಗಿಸದೆ ಸುಮ್ಮನಿಟ್ಟು ಇನ್ನೊಂದು ಪ್ರಯೋಗವನ್ನು ಮಾಡಿದನು. ಕೋಣೆಯ ಗಾಳಿ ಕೊಟ್ಟ ಶಾಖವೆಷ್ಟು, ಕಸಿದ ಶಾಖವೆಷ್ಟು ಎಂಬುದು ಅದರಿಂದ ತಿಳಿಯಿತು. ತಾಮ್ರದ ಪಾತ್ರೆ ಹೀರಿದ ಶಾಖ, ಹಿತ್ತಾಳೆಯ ರೆಕ್ಕೆಗಳು ಹೀರಿದ ಶಾಖ, ರಾಟೆಗಳ ಘರ್ಷಣೆ, ನೆಲ ಮುಟ್ಟುವಾಗ ತೂಕಗಳಲ್ಲಿ ಉಳಿದಿದ್ದ ವೇಗ ಇವೆಲ್ಲವನ್ನೂ ಒಂದೊಂದಾಗಿ ಲೆಕ್ಕಕ್ಕೆ ತೆಗೆದುಕೊಂಡನು. ಕಳೆದುಹೋಯಿತೆಂದು ತೋರುವ ಯಾವುದನ್ನೂ ಹುಡುಕದೆ ಬಿಡಬಾರದೆಂಬುದೇ ಅವನ ವ್ರತವಾಗಿತ್ತು. ಸೃಷ್ಟಿಕರ್ತನು ಇರಿಸಿದ ಶಕ್ತಿಯನ್ನು ನಾಶಮಾಡಲು ಮನುಷ್ಯನಿಂದಾಗದೆಂಬ ದೃಢವಾದ ನಂಬಿಕೆ ಆ ವ್ರತದ ಹಿಂದಿತ್ತು. ಆದರೆ ನಂಬಿಕೆಯನ್ನೇ ಪ್ರಮಾಣವೆಂದು ಅವನು ಮುಂದಿಡಲಿಲ್ಲ. ಪ್ರಮಾಣಕ್ಕಾಗಿ ನೀರನ್ನು ಕಲಕಿದನು.

೧೮೪೭ನೆಯ ವರ್ಷವು ಅವನ ಬಾಳಿನಲ್ಲಿ ತಿರುವನ್ನು ತಂದಿತು. ಆ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಒಂದು ಚರ್ಚಿನ ವಾಚನಾಲಯದಲ್ಲಿ ಸಾಮಾನ್ಯ ಜನರ ಮುಂದೆ ತನ್ನ ಸಿದ್ಧಾಂತವನ್ನೆಲ್ಲ ವಿವರಿಸಿದನು. ಆ ಭಾಷಣವನ್ನು ಪೂರ್ಣವಾಗಿ ಪ್ರಕಟಿಸಿದ್ದು ವಿಜ್ಞಾನಪತ್ರಿಕೆಯಲ್ಲ, ಊರಿನ ವಾರ್ತಾಪತ್ರಿಕೆ. ಜೂನ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನಲ್ಲಿ ವಿಜ್ಞಾನೋನ್ನತಿ ಸಂಘದ ಸಭೆ ಸೇರಿತು. ಸಮಯವಿಲ್ಲವೆಂದು ಅಧ್ಯಕ್ಷನು ಜೂಲನಿಗೆ ಪ್ರಬಂಧವನ್ನು ಓದದೆ ಸಂಕ್ಷೇಪವಾಗಿ ಹೇಳಿ ಮುಗಿಸುವಂತೆ ಸೂಚಿಸಿದನು. ವಿಷಯವು ಮತ್ತೊಮ್ಮೆ ಮೌನದಲ್ಲಿ ಮುಳುಗಿಹೋಗುವುದರಲ್ಲಿತ್ತು. ಆದರೆ ಆ ಸಭೆಯಲ್ಲಿ ಇಪ್ಪತ್ತಮೂರು ವರ್ಷ ವಯಸ್ಸಿನ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಇದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಅವನೇ. ಥಾಮ್ಸನ್ನನು ಸಭೆಯಲ್ಲಿಯೇ ಎದ್ದು ಮಾತನಾಡಿ ಆಸಕ್ತಿ ಕೆರಳಿಸಿದನೆಂದು ಜೂಲನು ಮುಪ್ಪಿನಲ್ಲಿ ಬರೆದನು. ತಾನು ಸಭೆ ಮುಗಿಯುವವರೆಗೂ ಸುಮ್ಮನಿದ್ದು ಆಮೇಲೆ ಜೂಲನನ್ನು ಕಂಡು ಮಾತನಾಡಿದೆನೆಂದು ಥಾಮ್ಸನ್ನನು ನೆನೆದನು. ನೆನಪುಗಳು ಬೇರೆಯಾದರೂ ಅಂದು ಹುಟ್ಟಿದ ಸ್ನೇಹವು ಜೀವನವಿಡೀ ಬಾಳಿತು. ಥಾಮ್ಸನ್ನನು ಕೂಡಲೇ ಒಪ್ಪಿದನೆಂದಲ್ಲ. ಸಂದೇಹಗಳನ್ನು ನೀಗಿಕೊಂಡು ಜೂಲನ ಮತವನ್ನು ಪೂರ್ಣವಾಗಿ ಅಂಗೀಕರಿಸುವ ವೇಳೆಗೆ ೧೮೫೧ ಬಂದಿತು.

ಅದೇ ೧೮೪೭ರ ಆಗಸ್ಟಿನಲ್ಲಿ ಜೂಲನು ಅಮೀಲಿಯ ಗ್ರೈಮ್ಸ್ ಎಂಬುವಳನ್ನು ವಿವಾಹವಾಗಿ, ನವವಧುವಿನೊಡನೆ ಆಲ್ಪ್ಸ್ ಪರ್ವತಪ್ರಾಂತಕ್ಕೆ ಪ್ರವಾಸ ಹೋದನು. ಅಲ್ಲಿ ಅಕಸ್ಮಾತ್ತಾಗಿ ಥಾಮ್ಸನ್ನನ ಭೇಟಿಯಾಯಿತು. ಮಧುಚಂದ್ರದ ಪ್ರವಾಸದಲ್ಲಿಯೂ ಜೂಲನ ಕೈಯಲ್ಲಿ ಉದ್ದವಾದ ಉಷ್ಣತಾಮಾಪಕವಿತ್ತೆಂದು ಥಾಮ್ಸನ್ನನು ಮುಂದೆ ಸ್ಮರಿಸಿದ್ದಾನೆ. ಎತ್ತರದಿಂದ ಬಿದ್ದ ನೀರು ಬುಡದಲ್ಲಿ ಸ್ವಲ್ಪ ಬೆಚ್ಚಗಿರಬೇಕಷ್ಟೆ? ೧೬೦ ಅಡಿ ಬೀಳುವ ನಯಾಗರ ಜಲಪಾತದ ನೀರು ಸುಮಾರು ಡಿಗ್ರಿಯ ಐದನೆಯ ಒಂದು ಭಾಗದಷ್ಟು ಬೆಚ್ಚಗಾಗಬೇಕೆಂದು ಜೂಲನು ಮೊದಲೇ ಲೆಕ್ಕ ಹಾಕಿದ್ದನು. ಸ್ನೇಹಿತರಿಬ್ಬರೂ ಸಲ್ಲಾಂಶ್ ಎಂಬಲ್ಲಿನ ಜಲಪಾತದಲ್ಲಿ ಪರೀಕ್ಷಿಸಲು ಹೋದರು. ಆದರೆ ನೀರು ನಡುದಾರಿಯಲ್ಲಿಯೇ ತುಂತುರಾಗಿ ಚೆದುರಿಹೋಗುತ್ತಿದ್ದುದರಿಂದ ಅಳತೆ ಸಾಧ್ಯವಾಗಲಿಲ್ಲ. ಪ್ರಕೃತಿಯ ಮಹಾಜಲಪಾತವು ತೋರಗೊಡದ ಸತ್ಯವನ್ನು ನೆಲಮಾಳಿಗೆಯ ತಾಮ್ರದ ಪಾತ್ರೆಯೇ ತೋರಿಸಬೇಕಾಯಿತು.

ರೆಕ್ಕೆಚಕ್ರದ ಪ್ರಯೋಗ ೧೮೪೫ರಲ್ಲಿ ೮೯೦ ಎಂದೂ, ೧೮೪೭ರಲ್ಲಿ ೭೮೨ರ ಆಸುಪಾಸು ಎಂದೂ ಉತ್ತರ ಕೊಟ್ಟಿತ್ತು. ಜೂಲನು ಹಳೆಯ ಸಂಖ್ಯೆಗಳನ್ನು ಬಚ್ಚಿಡಲಿಲ್ಲ. ದೋಷಗಳನ್ನು ಒಂದೊಂದಾಗಿ ಕಳೆಯುತ್ತ ಬಂದನು. ನೀರಿನಲ್ಲಿ ನಲವತ್ತು ಪ್ರಯೋಗಗಳನ್ನು ಮಾಡಿ, ಪಾದರಸದಲ್ಲಿಯೂ, ಬೀಡುಕಬ್ಬಿಣವನ್ನು ಬೀಡುಕಬ್ಬಿಣಕ್ಕೆ ಉಜ್ಜಿಯೂ ಪರೀಕ್ಷಿಸಿದನು. ವಸ್ತು ಯಾವುದಾದರೂ ಉತ್ತರ ಹೆಚ್ಚುಕಡಿಮೆ ಒಂದೇ ಆಯಿತು. ಕೊನೆಗೆ ೭೭೨ ಎಂಬ ಸಂಖ್ಯೆಯನ್ನು ನಿಶ್ಚಯಿಸಿದನು. ೧೮೪೯ರಲ್ಲಿ ಈ ಪ್ರಬಂಧವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದವನು ಮೈಕೆಲ್ ಫ್ಯಾರಡೆ. ೧೮೫೦ರಲ್ಲಿ ಅದು ಮುಖ್ಯ ಸಂಪುಟದಲ್ಲಿಯೇ ಅಚ್ಚಾಯಿತು. ಆದರೂ ಘರ್ಷಣೆಯೆಂದರೆ ಕೆಲಸವು ಶಾಖವಾಗಿ ಮಾರ್ಪಡುವುದೇ ಎಂಬ ಅವನ ಮೂರನೆಯ ನಿರ್ಣಯವನ್ನು, ಪರಿಶೀಲಕರ ಇಷ್ಟದಂತೆ ಕೈಬಿಡಬೇಕಾಯಿತು. ಸಂಖ್ಯೆಯನ್ನು ಒಪ್ಪಿದವರೂ ಅದರ ಅರ್ಥವನ್ನು ಒಪ್ಪಲು ಹಿಂಜರಿದರು! ಅದೇ ವರ್ಷ ಅವನು ಸೊಸೈಟಿಯ ಸದಸ್ಯನಾದನು. ೧೮೫೨ರಲ್ಲಿ ರಾಯಲ್ ಪದಕವೂ ೧೮೭೦ರಲ್ಲಿ ಕಾಪ್ಲೆ ಪದಕವೂ ದೊರೆತವು.

ಶಾಖವೂ ಕೆಲಸವೂ ಒಂದೇ ಶಕ್ತಿಯ ಎರಡು ರೂಪಗಳೆಂಬುದನ್ನು ಜೂಲನೊಬ್ಬನೇ ಕಂಡನೆನ್ನುವುದು ನ್ಯಾಯವಾಗದು. ಜರ್ಮನಿಯ ವೈದ್ಯ ರಾಬರ್ಟ್ ಮೇಯರನು ೧೮೪೨ರಲ್ಲಿಯೇ ಅದನ್ನು ತರ್ಕದಿಂದ ಸಾಧಿಸಿ ತುಲ್ಯಾಂಕವನ್ನೂ ಗಣಿಸಿದ್ದನು. ೧೮೪೭ರಲ್ಲಿ ಹೆಲ್ಮ್‌ಹೋಲ್ಟ್ಸನು ಶಕ್ತಿಯ ನಿತ್ಯತ್ವಕ್ಕೆ ಗಣಿತರೂಪ ಕೊಟ್ಟನು. ಮೊದಲಿಗರಾರೆಂಬ ವಿವಾದ ಮುಂದೆ ಬಹಳ ಕಾಲ ನಡೆಯಿತು. ಆದರೆ ಬೇರೆಬೇರೆ ದಾರಿಗಳಿಂದ ಮತ್ತೆ ಮತ್ತೆ ಅಳೆದು, ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದ ಕೀರ್ತಿ ಜೂಲನಿಗೆ ಸಲ್ಲುತ್ತದೆ.

೧೮೫೪ರಲ್ಲಿ ಅವನಿಗೆ ದೊಡ್ಡ ದುಃಖ ಒದಗಿತು. ಪತ್ನಿ ಅಮೀಲಿಯಳು ಒಬ್ಬ ಮಗನನ್ನೂ ಒಬ್ಬಳು ಮಗಳನ್ನೂ ಅಗಲಿ ತೀರಿಕೊಂಡಳು. ಮನೆತನದ ಕಾರ್ಖಾನೆಯನ್ನೂ ಅದೇ ವರ್ಷ ಮಾರಲಾಯಿತು. ಮೊದಲೇ ಮಿತಭಾಷಿಯಾಗಿದ್ದವನು ಇನ್ನಷ್ಟು ಏಕಾಂತಪ್ರಿಯನಾದನು. ಪ್ರಯೋಗಗಳನ್ನು ಮಾತ್ರ ಬಿಡಲಿಲ್ಲ. ಸೂಕ್ಷ್ಮರಂಧ್ರಗಳ ಮೂಲಕ ನುಗ್ಗಿದ ಅನಿಲವು ತಣ್ಣಗಾಗುವ ಪರಿಯನ್ನು ಅವನು ಥಾಮ್ಸನ್ನನೊಡನೆ ಕೂಡಿ ಹಲವು ವರ್ಷ ಅಧ್ಯಯನ ಮಾಡಿದನು. ಜೂಲ್-ಥಾಮ್ಸನ್ ಪರಿಣಾಮವೆಂಬ ಆ ಶೋಧವು ಮುಂದೆ ಗಾಳಿಯನ್ನು ದ್ರವೀಕರಿಸುವ ತಂತ್ರಕ್ಕೆ ಆಧಾರವಾಯಿತು.

ಅವನ ಸತ್ಯನಿಷ್ಠೆಗೆ ಕಡೆಯ ಪರೀಕ್ಷೆಯೊಂದು ಕಾದಿತ್ತು. ೧೮೬೭ರಲ್ಲಿ ವಿದ್ಯುತ್ತಿನ ಮೂಲಕ ಮತ್ತೊಮ್ಮೆ ತುಲ್ಯಾಂಕವನ್ನು ಅಳೆದಾಗ ಉತ್ತರವು ೭೭೨ಕ್ಕಿಂತ ನೂರಕ್ಕೆ ಒಂದಕ್ಕೂ ಹೆಚ್ಚು ಅಧಿಕವಾಗಿ ಬಂದಿತು. ತನ್ನ ಹಳೆಯ ಪ್ರಯೋಗ ತಪ್ಪೋ, ಅಥವಾ ವಿದ್ಯುತ್ ರೋಧದ ಪ್ರಮಾಣವೆಂದು ಗೊತ್ತುಮಾಡಿದ್ದ ಓಮ್ ತಪ್ಪೋ ತಿಳಿಯಬೇಕಿತ್ತು. ಅರವತ್ತರ ಸಮೀಪದ ವಯಸ್ಸಿನಲ್ಲಿ ಅವನು ಮತ್ತೆ ನೀರನ್ನು ಕಲಕಲು ಹೊಸ ಪಾತ್ರೆಯನ್ನು ಸಿದ್ಧಪಡಿಸಿದನು. ೧೮೭೮ರಲ್ಲಿ ಪ್ರಕಟವಾದ ಉತ್ತರ ೭೭೨.೫೫. ದೋಷವಿದ್ದದ್ದು ಅಂದಿನ ಓಮ್‌ನಲ್ಲಿಯೇ ಎಂಬುದು ಮುಂದೆ ಸಿದ್ಧವಾಯಿತು. ಬಳಿಕ ಅಮೆರಿಕದ ಹೆನ್ರಿ ರೋಲೆಂಡನು, ಪಾದರಸದ ಉಷ್ಣತಾಮಾಪಕದ ಓದಿಗೆ ಗಾಳಿಯ ಉಷ್ಣತಾಮಾಪಕದ ತಿದ್ದುಪಡಿ ಬೇಕೆಂದು ತೋರಿಸಿದನು. ಇಂದು ಅಂಗೀಕೃತವಾದ ಬೆಲೆ ಸುಮಾರು ೭೭೮. ನೆಲಮಾಳಿಗೆಯಲ್ಲಿ ದೊರೆತ ಉತ್ತರವು ಇದಕ್ಕಿಂತ ನೂರಕ್ಕೆ ಒಂದಕ್ಕೂ ಕಡಿಮೆ ದೂರದಲ್ಲಿತ್ತೆಂಬುದು ಆ ಕೈಗಳ ಕೌಶಲಕ್ಕೆ ಸಾಕ್ಷಿ.

ಕೊನೆಗಾಲದಲ್ಲಿ ಸಂಪತ್ತು ಕರಗಿತು. ೧೮೭೮ರಲ್ಲಿ ಸರ್ಕಾರವು ವರ್ಷಕ್ಕೆ ೨೦೦ ಪೌಂಡುಗಳ ವೇತನವನ್ನು ಗೊತ್ತುಮಾಡಿತು. ೧೮೮೯ರ ಅಕ್ಟೋಬರ್ ೧೧ರಂದು ಸೇಲ್ ಎಂಬ ಊರಿನ ತನ್ನ ಮನೆಯಲ್ಲಿ ಜೂಲನು ದೇಹವನ್ನು ಬಿಟ್ಟನು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಶಕ್ತಿಯ ಮಾನಕ್ಕೆ ಜೂಲ್ ಎಂಬ ಹೆಸರನ್ನು ಸ್ವೀಕರಿಸಿತು. ಮ್ಯಾಂಚೆಸ್ಟರಿನ ಪುರಭವನದಲ್ಲಿ ಗುರು ಡಾಲ್ಟನ್ನನ ಪ್ರತಿಮೆಯೂ ಶಿಷ್ಯ ಜೂಲನ ಪ್ರತಿಮೆಯೂ ಎದುರುಬದುರಾಗಿ ಇವೆ. ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿರುವ ಅವನ ಸಮಾಧಿಶಿಲೆಯ ಮೇಲೆ ೭೭೨.೫೫ ಎಂಬ ಸಂಖ್ಯೆಯನ್ನು ಕೆತ್ತಲಾಗಿದೆ. ಒಂದು ಸಂಖ್ಯೆಗಾಗಿ ನಾಲ್ಕು ದಶಕಗಳನ್ನು ಸವೆಸಿದವನಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇರೊಂದಿಲ್ಲ.

ವಿದ್ಯಾರ್ಥಿಗಳು ಇಂಥ ಬಾಳನ್ನು ಓದಿ ಮೆಚ್ಚಿದರಷ್ಟೇ ಸಾಲದು. ಆ ಕೆಲಸದ ರುಚಿಯನ್ನು ತಾವೂ ನೋಡಬೇಕು. ಅದಕ್ಕೆ ಬೆಲೆಬಾಳುವ ಸಲಕರಣೆ ಬೇಡ. ದೊಡ್ಡ ಲೋಟದೊಳಗೆ ಚಿಕ್ಕ ಲೋಟವನ್ನಿಟ್ಟು ನಡುವೆ ಹತ್ತಿಯನ್ನು ತುಂಬಿ, ರಟ್ಟಿನ ಮುಚ್ಚಳ ಮಾಡಿದರೆ ಕ್ಯಾಲೊರಿಮೀಟರ್ ಸಿದ್ಧ. ಅದರಲ್ಲಿ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ೧೦೦ ಗ್ರಾಂ ನೀರಿರಲಿ. ೬೦ ಡಿಗ್ರಿಯ ೧೦೦ ಗ್ರಾಂ ನೀರನ್ನು ಸುರಿದು ಕಲಕಿರಿ. ಉಷ್ಣತೆ ೪೫ ಡಿಗ್ರಿಗೆ ಬರಬೇಕು. ಆದರೆ ಸ್ವಲ್ಪ ಕಡಿಮೆಯೇ ಬರುತ್ತದೆ. ಆ ಕೊರತೆಯನ್ನು ಪ್ರಯೋಗ ಕೆಟ್ಟಿತೆಂದು ತಳ್ಳಿಹಾಕಬೇಡಿ. ಲೋಟ ಎಷ್ಟು ಹೀರಿತು, ಗಾಳಿ ಎಷ್ಟು ಒಯ್ದಿತು ಎಂದು ಹುಡುಕಿರಿ. ಕೆಲಸವು ಶಾಖವಾಗುವುದನ್ನು ಕಾಣಬೇಕೆಂದರೆ, ಎರಡೂ ತುದಿ ಮುಚ್ಚಿದ ರಟ್ಟಿನ ಕೊಳವೆಯಲ್ಲಿ ಸೀಸದ ಸಣ್ಣ ಗುಂಡುಗಳನ್ನು ಹಾಕಿ, ಪ್ರತಿಸಲವೂ ಅವು ಒಂದು ಮೀಟರ್ ಬೀಳುವಂತೆ ಐವತ್ತು ಸಲ ತಲೆಕೆಳಗು ಮಾಡಿರಿ. ಶಾಖವು ಹೊರಗೆ ಹೋಗದಿದ್ದರೆ ಗುಂಡುಗಳು ಸುಮಾರು ೩.೮ ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಸೀಸವು ವಿಷವಾದುದರಿಂದ ಅದನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು.

ಬಂದ ಉತ್ತರವನ್ನು ಪುಸ್ತಕದ ಉತ್ತರಕ್ಕೆ ಸರಿಯಾಗಿ ತಿದ್ದಿ ಬರೆಯುವ ಆಸೆ ಪ್ರಯೋಗಾಲಯದಲ್ಲಿ ಎಂಥವರಿಗೂ ಹುಟ್ಟುತ್ತದೆ. ಜೂಲನ ಮುಂದೆ ಅಂಥ ಪುಸ್ತಕವಿರಲಿಲ್ಲ. ಇದ್ದ ಪುಸ್ತಕಗಳೆಲ್ಲ ಅವನಿಗೆ ವಿರುದ್ಧವಾಗಿದ್ದವು. ಉಷ್ಣತಾಮಾಪಕ ತೋರಿದ್ದನ್ನೇ ಬರೆದುಕೊಂಡು, ತಪ್ಪಿದ್ದರೆ ತನ್ನ ಪಾತ್ರೆಯನ್ನು ತಿದ್ದಿದನೇ ಹೊರತು ಅಂಕಿಯನ್ನು ತಿದ್ದಲಿಲ್ಲ. ಅರ್ಧ ಡಿಗ್ರಿಗೆ ಅವನು ತೋರಿದ ಆ ಪ್ರಾಮಾಣಿಕತೆಯೇ ಜಗತ್ತಿಗೆ ಶಕ್ತಿಯ ಲೆಕ್ಕವನ್ನು ಕಲಿಸಿತು. ಕಿರಿದನ್ನು ಅಲಕ್ಷ್ಯ ಮಾಡದವನಿಗೆ ಹಿರಿದು ತಾನಾಗಿ ಒಲಿಯುತ್ತದೆಂಬುದಕ್ಕೆ ಜೂಲನ ಜೀವನವು ಉಜ್ವಲವಾದ ನಿದರ್ಶನವಾಗಿದೆ.